ಗೋಕುಲಂಗೆ ತಲುಪದ ವರದಿ

ನಾನು ಕೆಲಸ ಮಾಡುವುದು ಮೈಸೂರಿನ ವಿಜಯನಗರದಲ್ಲಿರುವ ಒಂದು ಲ್ಯಾಬಿನಲ್ಲಿ. ರಕ್ತ, ಮೂತ್ರ, ಗಡ್ಡೆಯಿಂದ ಕತ್ತರಿಸಿ ತೆಗೆದ ಚೂರು, ಎಲ್ಲವನ್ನೂ ಪರೀಕ್ಷೆ ಮಾಡಿ ವರದಿ ಕೊಡುವ ಜಾಗ. ನಾನು ಡಾಕ್ಟರಲ್ಲ, ಟೆಕ್ನಿಷಿಯನ್ನೂ ಅಲ್ಲ. ಅಲ್ಲಿನ ಕಂಪ್ಯೂಟರು, ಪ್ರಿಂಟರು, ಇಂಟರ್ನೆಟ್ಟು, ಇಮೇಲು ಇಷ್ಟನ್ನೂ ನೋಡಿಕೊಳ್ಳಲು ಇರುವವಳು ನಾನೊಬ್ಬಳೇ. ಪ್ರಿಂಟರಿನಲ್ಲಿ ಕಾಗದ ಸಿಕ್ಕಿಕೊಂಡರೂ ನನ್ನನ್ನೇ ಕರೆಯುತ್ತಾರೆ, ಗೋಡೆಯ ಟೀವಿಯಲ್ಲಿ ಟೋಕನ್ ನಂಬರು ಮೂಡದಿದ್ದರೂ ನನ್ನನ್ನೇ ಕರೆಯುತ್ತಾರೆ. ಹನ್ನೊಂದು ವರ್ಷದಿಂದ ಇದೇ ಕೆಲಸ. ಬೆರಳಿಗೆ ಅಭ್ಯಾಸವಾದ ಕೆಲಸವನ್ನು ತಲೆ ಅಷ್ಟಾಗಿ ಗಮನಿಸುವುದಿಲ್ಲ ಎಂಬುದು ನನಗೆ ತಿಳಿದದ್ದು ತಡವಾಗಿ.

ಲ್ಯಾಬಿನ ಒಡತಿಯೇ ಅಲ್ಲಿನ ಹಿರಿಯ ಡಾಕ್ಟರು. ಚೂರುಗಳನ್ನು ಸೂಕ್ಷ್ಮದರ್ಶಕದಡಿ ನೋಡಿ ಕ್ಯಾನ್ಸರ್ ಹೌದೋ ಅಲ್ಲವೋ ಎಂದು ಬರೆಯುವವರು ಅವರು. ನಾವೆಲ್ಲ ಅವರನ್ನು ಡಾಕ್ಟರಮ್ಮ ಅನ್ನುತ್ತೇವೆ. ಅವರು ಸಹಿ ಮಾಡಿದ ವರದಿ ಆಯಾ ರೋಗಿಯನ್ನು ಕಳಿಸಿದ ಆಸ್ಪತ್ರೆಗೆ ಇಮೇಲಿನಲ್ಲಿ ಹೋಗುತ್ತದೆ. ಗಡ್ಡೆಯ ವರದಿಯನ್ನು ನಾವು ರೋಗಿಯ ಕೈಗೆ ಕೊಡುವುದಿಲ್ಲ. ಅದನ್ನು ಹೇಗೆ ಹೇಳಬೇಕೆಂದು ಬಲ್ಲವರು ಅವರ ಡಾಕ್ಟರು, ಅವರೇ ಹೇಳಲಿ ಎಂಬುದು ಡಾಕ್ಟರಮ್ಮನ ನಿಯಮ.

ಒಮ್ಮೆ ಕೌಂಟರಿನ ಕಂಪ್ಯೂಟರಿಗೆ ಒಂದು ಇಮೇಲು ಬಂತು. ಕೊರಿಯರ್ ಪಾರ್ಸೆಲ್ ಬಂದಿದೆ, ವಿಳಾಸ ಖಚಿತಪಡಿಸಿ ಎಂದು ಬರೆದಿತ್ತು. ಕೌಂಟರಿನ ಹುಡುಗಿ ಅದನ್ನು ಒತ್ತಿದಳು. ಅರ್ಧ ಗಂಟೆಯಲ್ಲಿ ನಮ್ಮ ಐದು ಕಂಪ್ಯೂಟರುಗಳು ಬೀಗ ಹಾಕಿಕೊಂಡವು. ಎರಡು ದಿನ ನಾವು ವರದಿಗಳನ್ನು ಕೈಯಲ್ಲಿ ಬರೆದೆವು. ಮಾಹಿತಿಯ ಪ್ರತಿಗಳನ್ನು ಬೇರೆಡೆ ತೆಗೆದಿಟ್ಟಿದ್ದರಿಂದ ಎಲ್ಲವನ್ನೂ ಮರಳಿ ಕಟ್ಟಿಕೊಂಡೆ. ಆದರೆ ಡಾಕ್ಟರಮ್ಮ ಹೆದರಿದ್ದರು. ಬರುವ, ಹೋಗುವ ಪ್ರತಿಯೊಂದು ಇಮೇಲನ್ನೂ ತಡೆದು ಪರೀಕ್ಷಿಸಿ ಬಿಡುವ ಒಂದು ಯಂತ್ರ ಸಿಗುತ್ತದೆ ಎಂದು ನಾನೇ ಹೇಳಿದೆ. ತರಿಸಿದರು.

ಎರಡು ಬೆರಳು ದಪ್ಪದ, ಮೊಳ ಅಗಲದ ಕಬ್ಬಿಣದ ಪೆಟ್ಟಿಗೆ. ಅದನ್ನು ಎರಡನೆಯ ಮಹಡಿಯ ಸರ್ವರ್ ಕೋಣೆಯಲ್ಲಿ ಕೂರಿಸಿದೆ. ಕೋಣೆ ಎಂದರೆ ಮಂಚ ಹಿಡಿಯುವಷ್ಟು ಜಾಗ, ಒಂದು ಏಸಿ, ಒಂದು ಕಪಾಟು. ಭಾನುವಾರ ಲ್ಯಾಬು ಮಧ್ಯಾಹ್ನಕ್ಕೆ ಮುಚ್ಚುತ್ತದೆ. ಆ ಹೊತ್ತನ್ನೇ ಆರಿಸಿಕೊಂಡು ಲ್ಯಾಪ್‌ಟಾಪಿನಿಂದ ಕೇಬಲ್ ಜೋಡಿಸಿ ಪೆಟ್ಟಿಗೆಯನ್ನು ಸಿದ್ಧಪಡಿಸಲು ಕುಳಿತೆ. ಅದು ಮೊದಲು ಕೇಳುವುದು ನಾಲ್ಕೇ ಪ್ರಶ್ನೆ. ನಿನ್ನ ವಿಳಾಸ ಯಾವುದು? ನಿನ್ನ ಕಾಂಪೌಂಡ್ ಎಲ್ಲಿಯವರೆಗೆ? ಕಾಂಪೌಂಡಿನ ಆಚೆ ಹೋಗಬೇಕಾದರೆ ಗೇಟು ಯಾವುದು? ಹೆಸರು ಹೇಳಿದರೆ ವಿಳಾಸ ತಿಳಿಸುವವರು ಯಾರು? ಎಲ್ಲಕ್ಕೂ ಉತ್ತರ ಅಂಕಿಗಳಲ್ಲಿ. ಕಾಂಪೌಂಡಿನ ಅಳತೆ ಹೇಳುವ ಅಂಕಿಯನ್ನು ನಮ್ಮ ಭಾಷೆಯಲ್ಲಿ ಮಾಸ್ಕ್ ಅನ್ನುತ್ತೇವೆ. ಇಂಟರ್ನೆಟ್ ಕಂಪನಿಯವರು ಕೊಟ್ಟ ವಿವರದ ಹಾಳೆ ನನ್ನ ಮೊಣಕಾಲ ಮೇಲೇ ಇತ್ತು. ಮೂರು ಉತ್ತರಗಳನ್ನು ಹಾಳೆ ನೋಡಿ ಒತ್ತಿದೆ. ಮಾಸ್ಕನ್ನು ಮಾತ್ರ ನೋಡದೆ ಒತ್ತಿದೆ. ಕಚೇರಿಗಳಲ್ಲಿ ಸಾಮಾನ್ಯವಾಗಿ ಬರೆಯುವ ಅಂಕಿ ಒಂದಿದೆ, ೨೫೫.೨೫೫.೨೫೫.೦. ಸಾವಿರ ಸಲ ಒತ್ತಿದ ಅಂಕಿ. ಬೆರಳು ತಾನಾಗಿ ಹೋಯಿತು.

ನನ್ನ ಇಮೇಲಿಗೆ ಒಂದು ಕಳಿಸಿ ನೋಡಿದೆ, ಬಂತು. ದುಬೈಯಲ್ಲಿರುವ ಅಕ್ಕನ ಮಗಳಿಗೆ ಕಳಿಸಿದೆ, ಬಂತು ಚಿಕ್ಕಮ್ಮ ಎಂದು ಉತ್ತರ ಬರೆದಳು. ನಂಜನಗೂಡಿನ ಒಂದು ನರ್ಸಿಂಗ್ ಹೋಮಿಗೆ ಫೋನು ಮಾಡಿ ಕೇಳಿದೆ, ಅಲ್ಲಿಗೂ ಹೋಗಿತ್ತು. ನಾಲ್ಕು ಗಂಟೆಗೆ ಮುಗಿಸಿ, ಕೆಳಗೆ ಬಂದು, ಎದುರಿನ ಅಂಗಡಿಯಲ್ಲಿ ಕಾಫಿ ಕುಡಿದೆ. ಮನಸ್ಸಿಗೆ ತೃಪ್ತಿಯಾಗಿತ್ತು.

ಮರುದಿನದಿಂದ ಸುಳ್ಳು ಪಾರ್ಸೆಲಿನ ಇಮೇಲುಗಳು ನಿಂತವು. ಡಾಕ್ಟರಮ್ಮ ಎಲ್ಲರ ಎದುರು ನನ್ನನ್ನು ಹೊಗಳಿದರು.

ನಮ್ಮಲ್ಲಿ ನೆಲ ಒರೆಸುವ, ಬಾತ್‌ರೂಮು ತೊಳೆಯುವ ಕೆಲಸಕ್ಕೆ ಇದ್ದವರು ಐವತ್ತರ ಆಸುಪಾಸಿನ ಒಬ್ಬ ಹೆಂಗಸು. ಎಲ್ಲರೂ ಅಕ್ಕ ಎಂದೇ ಕರೆಯುತ್ತಿದ್ದರು. ಹೂಟಗಳ್ಳಿಯ ಹಳೆಯ ಊರಿನ ಭಾಗದಲ್ಲಿ ಅವರ ಮನೆ. ನಮ್ಮ ಮನೆ ಅದೇ ಹೂಟಗಳ್ಳಿಯ ಹೊಸ ಬಡಾವಣೆಯಲ್ಲಿ. ನಾನು ಸ್ಕೂಟರಿನಲ್ಲಿ ಬರುತ್ತಿದ್ದೆ, ಅವರು ಬಸ್ಸಿನಲ್ಲಿ. ಇಷ್ಟು ವರ್ಷದಲ್ಲಿ ಒಂದು ದಿನವೂ ಬನ್ನಿ ಹತ್ತಿ ಎಂದು ಕರೆದದ್ದಿಲ್ಲ. ಬೇಕೆಂದು ಕರೆಯದೇ ಇದ್ದದ್ದಲ್ಲ, ತೋಚಿರಲಿಲ್ಲ ಅಷ್ಟೇ. ಬೆಳಗ್ಗೆ ನಮ್ಮಲ್ಲಿಗೆ ಬರುವ ಮುಂಚೆ ಅವರು ಗೋಕುಲಂನಲ್ಲಿ ಒಂದು ಮನೆಯ ಕೆಲಸ ಮುಗಿಸಿ ಬರುತ್ತಿದ್ದರು. ಯೋಗ ಕಲಿಯಲು ಬಂದು ತಿಂಗಳುಗಟ್ಟಲೆ ಉಳಿಯುವ ವಿದೇಶಿ ಹೆಂಗಸರು ಬಾಡಿಗೆಗೆ ಹಿಡಿದ ಮನೆ. ಅವರಲ್ಲೊಬ್ಬರು ಈ ಅಕ್ಕ ಬಟ್ಟೆ ಹಿಂಡುವಾಗ ಎಡಗೈ ಹಿಡಿದುಕೊಳ್ಳುವುದನ್ನು ನೋಡಿ, ಸನ್ನೆಯಲ್ಲೇ ವಿಚಾರಿಸಿ, ಗೋಕುಲಂನ ಒಂದು ಆಸ್ಪತ್ರೆಗೆ ತಾವೇ ಕರೆದುಕೊಂಡು ಹೋದರಂತೆ. ಎದೆಯಲ್ಲಿ ಗಂಟು ಇತ್ತು. ಅಲ್ಲಿನ ಸರ್ಜನ್ನರು ಸೂಜಿ ಹಾಕಿ ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಆ ಆಸ್ಪತ್ರೆಯ ಚೂರುಗಳೆಲ್ಲ ಬರುವುದು ನಮ್ಮ ಲ್ಯಾಬಿಗೇ.

ಇದ್ಯಾವುದೂ ನನಗೆ ಗೊತ್ತಿರಲಿಲ್ಲ. ಪೆಟ್ಟಿಗೆ ಕೂರಿಸಿ ಎರಡು ವಾರವಾಗಿರಬೇಕು. ಒಂದು ಬೆಳಗ್ಗೆ ಅಕ್ಕ ಚಪ್ಪಲಿ ಹೊರಗೆ ಬಿಟ್ಟು, ಒರೆಸುವ ಕೋಲು ಹಿಡಿದು ಸರ್ವರ್ ಕೋಣೆಗೆ ಬಂದರು. ಕೋಲನ್ನು ಗೋಡೆಗೆ ಒರಗಿಸಿ ನಿಂತರು.

"ಮೇಡಂ, ನಂದೊಂದ್ ಪರೀಕ್ಸೆ ಇಲ್ಲಿಗೇ ಬಂದದಂತೆ. ಗೋಕುಲದ ಡಾಕ್ಟ್ರು ಕಳ್ಸವ್ರೆ. ಆಗದಾ ಅಂತ ವಸಿ ನೋಡ್ತೀರಾ?"

"ಕೌಂಟರಲ್ಲಿ ಕೇಳ್ಬಾರ್ದಾ ಅಕ್ಕ?"

"ನಮ್ಮ ಸ್ವಂತ ಕೆಲ್ಸಕ್ಕೆ ಅಲ್ಲಿ ನಿಂತ್ಕಬಾರ್ದು ಅಂದವ್ರೆ. ನೀವು ಕಂಪ್ಯೂಟ್ರಲ್ಲೇ ಇರ್ತೀರಲ್ಲ ಅಂತ."

ನಾನು ಅವರ ಹೆಸರು ಹುಡುಕಿದೆ. ವರದಿಯ ಒಳಗನ್ನು ತೆರೆಯುವ ಅಧಿಕಾರ ನನಗಿಲ್ಲ. ಆದರೆ ಸಹಿಯಾಗಿದೆಯೋ, ಹೋಗಿದೆಯೋ ಎಂಬುದು ಕಾಣುತ್ತದೆ. ಹಿಂದಿನ ದಿನವೇ ಸಹಿಯಾಗಿತ್ತು. ಪಕ್ಕದಲ್ಲಿ ಹಸಿರು ಗುರುತು.

"ನಿನ್ನೇನೇ ಹೋಗಿದೆ ಅಕ್ಕ. ನಿಮ್ಮ ಡಾಕ್ಟರ ಹತ್ರ ಹೋಗಿ."

ಅವರು ಹೋದರು. ಐದಾರು ದಿನ ಬಿಟ್ಟು ಮತ್ತೆ ಬಂದರು. ಆಗ ನಾನು ಫೋನಿನಲ್ಲಿದ್ದೆ. ಮಾತು ಮುಗಿಯುವವರೆಗೆ ಬಾಗಿಲಲ್ಲೇ ನಿಂತಿದ್ದರು.

"ಮೇಡಂ, ಅಲ್ಲಿ ಬಂದಿಲ್ಲ ಅಂತವ್ರೆ."

"ಯಾರು ಅಂದಿದ್ದು? ಡಾಕ್ಟ್ರಾ?"

"ಇಲ್ಲ, ಮುಂದ್ಗಡೆ ಕುಂತಿರ್ತಾಳಲ್ಲ ಆ ಉಡ್ಗಿ. ಡಾಕ್ಟ್ರನ್ನ ನೋಡಕ್ಕೆ ರಿಪೋಲ್ಟ್ ಬಂದ್ ಮ್ಯಾಲೇ ಬಿಡದು ಅಂದ್ಳು. ಲ್ಯಾಬ್‌ಗೆ ಬರ್ದಿವಿ, ಉತ್ರ ಬಂದಿಲ್ಲ ಅಂದ್ಳು."

ನಾನು ಮತ್ತೆ ಪರದೆ ನೋಡಿದೆ. ಹಸಿರು ಗುರುತು ಹಾಗೇ ಇತ್ತು. ಆ ಆಸ್ಪತ್ರೆಯಿಂದ ನಮಗೆ ಯಾವ ಇಮೇಲೂ ಬಂದಿರಲಿಲ್ಲ. ಅವರೇ ಸುಳ್ಳು ಹೇಳುತ್ತಿದ್ದಾರೆ, ಹುಡುಕಲು ಸೋಮಾರಿತನ ಎಂದುಕೊಂಡೆ. "ಕಳಿಸಿ ಆಗಿದೆ ಅಕ್ಕ. ಸರಿಯಾಗಿ ನೋಡಿ ಅಂತ ಗಟ್ಟಿಯಾಗಿ ಹೇಳಿ ಅವರಿಗೆ" ಎಂದೆ. ನನ್ನ ದನಿಯಲ್ಲಿ ಬೇಸರವಿತ್ತು. ಅದು ಅವರಿಗೆ ಗೊತ್ತಾಯಿತು. "ಆಯ್ತು ಬುಡಿ ಮೇಡಂ" ಎಂದು ಕೋಲು ತೆಗೆದುಕೊಂಡು ಮೆಟ್ಟಿಲಿಳಿದರು.

ಮೂರನೆಯ ಸಲ ಅವರು ಬಂದದ್ದು ಒಂದು ಗುರುವಾರ, ಊಟವಾದ ಮೇಲೆ. ಅಂದು ಅವರು ಕೋಲು ತಂದಿರಲಿಲ್ಲ. ಕೆಲಸದ ಸೀರೆಯ ಮೇಲೆ ಒಂದು ಹಳೆಯ ಸ್ವೆಟರು ಹಾಕಿದ್ದರು. ಎಡ ಭುಜ ಸ್ವಲ್ಪ ಕೆಳಗಿಳಿದಂತಿತ್ತು. ಕೋಣೆಯ ಒಳಗೆ ಬಂದು ಬಾಗಿಲು ಮುಂದೆ ಮಾಡಿದರು.

"ಮೇಡಂ, ಬೇಜಾರ್ ಮಾಡ್ಕಬೇಡಿ. ಅವ್ರು ಬಂದಿಲ್ಲ ಅಂತಾರೆ. ನೀವು ಕಳ್ಸಿವಿ ಅಂತೀರಿ. ಅಂಗಾದ್ರೆ ನಡೂಕೆ ಎಲ್ಲೋಯ್ತು ಅದು?"

ಹನ್ನೊಂದು ವರ್ಷದಿಂದ ನಾನು ಮಾಡುತ್ತಿರುವ ಕೆಲಸವೆಂದರೆ ಆ ಒಂದು ಪ್ರಶ್ನೆಯನ್ನು ಕೇಳುವುದು. ಕಳಿಸಿದವರು ಕಳಿಸಿದೆ ಅನ್ನುತ್ತಾರೆ, ಪಡೆಯಬೇಕಾದವರು ಬಂದಿಲ್ಲ ಅನ್ನುತ್ತಾರೆ, ನಡುವೆ ಏನಾಯಿತು? ಅದನ್ನು ನಾನು ಕೇಳಿರಲಿಲ್ಲ. ನೆಲ ಒರೆಸುವವರು ಕೇಳಿದರು. ಹಸಿರು ಗುರುತಿನ ಅರ್ಥ ವರದಿ ಗೋಕುಲಂ ಮುಟ್ಟಿತು ಎಂದಲ್ಲ. ನಮ್ಮ ಕಂಪ್ಯೂಟರು ಅದನ್ನು ಹೊಸ ಪೆಟ್ಟಿಗೆಯ ಕೈಗೆ ಕೊಟ್ಟಿತು ಎಂದಷ್ಟೇ. ಅದು ನನಗೆ ಗೊತ್ತಿದ್ದ ವಿಷಯ. ಗೊತ್ತಿದ್ದೂ ಎರಡು ಸಲ ಬೇರೆ ಉತ್ತರ ಕೊಟ್ಟಿದ್ದೆ.

"ಕೂತ್ಕೊಳಿ ಅಕ್ಕ" ಎಂದೆ. ಅವರು ಕೂರಲಿಲ್ಲ. "ಕೆಳ್ಗೆ ಕೆಲ್ಸ ಅದೆ. ನೀವ್ ನೋಡಿ" ಎಂದು ಹೋದರು.

ಪೆಟ್ಟಿಗೆಯೊಳಗೆ ಹೊಕ್ಕು, ಕಳಿಸಲಾಗದೆ ಕಾಯುತ್ತಿರುವ ಇಮೇಲುಗಳ ಸಾಲನ್ನು ತೆರೆದೆ. ಒಂದೇ ಆಸ್ಪತ್ರೆಯ ಹೆಸರು, ಒಂಬತ್ತು ಇಮೇಲುಗಳು. ಗೋಕುಲಂನದು. ಪ್ರತಿಯೊಂದರ ಮುಂದೆಯೂ ಒಂದೇ ಮಾತು: ಆ ಕಡೆಯಿಂದ ಉತ್ತರವಿಲ್ಲ, ಮತ್ತೆ ಪ್ರಯತ್ನಿಸಲಾಗುವುದು. ಮೂರು ದಿನ ಹೀಗೆ ಪ್ರಯತ್ನಿಸಿ, ಆಮೇಲೆ ಅದು ಇಮೇಲನ್ನು ಕಳಿಸಿದವರಿಗೇ ಹಿಂದಿರುಗಿಸುತ್ತದೆ. ಹಾಗಾದರೆ ಹಳೆಯವು ನಮ್ಮ ಕೌಂಟರಿನ ಇಮೇಲಿಗೆ ಮರಳಿ ಬಂದಿರಬೇಕಿತ್ತು. ಬಂದಿದ್ದವು. ತಾನಾಗಿ ಬರುವ ಉತ್ತರಗಳು ತುಂಬಿಕೊಳ್ಳುತ್ತವೆ, ಕೆಲಸಕ್ಕೆ ಅಡ್ಡಿ ಎಂದು ಕೌಂಟರಿನವರು ಹಿಂದೊಮ್ಮೆ ದೂರಿದ್ದರು. ಅಂಥವನ್ನೆಲ್ಲ ಯಾರೂ ತೆರೆಯದ ಒಂದು ಮೂಲೆಗೆ ತಳ್ಳುವಂತೆ ನಾನೇ ಮಾಡಿಕೊಟ್ಟಿದ್ದೆ. ಆ ಮೂಲೆಯಲ್ಲಿ ಗೋಕುಲಂ ಆಸ್ಪತ್ರೆಗೆ ಹೋಗಬೇಕಿದ್ದ ಒಂದು ತಿಂಗಳ ವರದಿಗಳೆಲ್ಲ ಬಿದ್ದಿದ್ದವು. ಅಕ್ಕನ ಹೆಸರು ಅಲ್ಲಿತ್ತು.

ಇಡೀ ಲೋಕಕ್ಕೆ ಹೋಗುವ ಇಮೇಲು ಗೋಕುಲಂಗೆ ಮಾತ್ರ ಯಾಕೆ ಹೋಗುವುದಿಲ್ಲ? ವಿವರದ ಹಾಳೆಯನ್ನು ಕಪಾಟಿನಿಂದ ತೆಗೆದು ಒಂದೊಂದೇ ಅಂಕಿಯನ್ನು ಬೆರಳಿಟ್ಟು ಹೋಲಿಸಿದೆ. ಮಾಸ್ಕಿನ ಕೊನೆಯ ಅಂಕಿ ಹಾಳೆಯಲ್ಲಿ ೨೪೮ ಇತ್ತು. ಪೆಟ್ಟಿಗೆಯಲ್ಲಿ ಸೊನ್ನೆ.

೨೪೮ ಎಂದರೆ ನಮ್ಮ ಕಾಂಪೌಂಡಿನಲ್ಲಿ ಎಂಟೇ ವಿಳಾಸಗಳು. ಸೊನ್ನೆ ಎಂದರೆ ಇನ್ನೂರ ಐವತ್ತಾರು. ಒಂದೇ ಇಂಟರ್ನೆಟ್ ಕಂಪನಿಯವರು ನಮಗೂ ಆ ಆಸ್ಪತ್ರೆಗೂ ಹತ್ತಿರ ಹತ್ತಿರದ ವಿಳಾಸಗಳನ್ನು ಕೊಟ್ಟಿದ್ದರು. ನಾನು ಒತ್ತಿದ ಸೊನ್ನೆಯಿಂದಾಗಿ ಪೆಟ್ಟಿಗೆ ಆ ಆಸ್ಪತ್ರೆಯೂ ನಮ್ಮ ಕಾಂಪೌಂಡಿನ ಒಳಗೇ ಇದೆ ಎಂದುಕೊಂಡಿತು. ಅದಕ್ಕೆ ಹೋಗಬೇಕಾದುದನ್ನು ಗೇಟಿನ ಆಚೆ ಕಳಿಸದೆ ಒಳಗೇ ಕೂಗಿ ಕರೆಯಿತು. ಇಲ್ಲದವರು ಓಗೊಡುವುದು ಹೇಗೆ? ಆ ಆಸ್ಪತ್ರೆಯವರು ನಮಗೆ ಬರೆದದ್ದಕ್ಕೂ ಅದೇ ಗತಿ. ಅವರ ಕರೆ ನಮ್ಮವರೆಗೆ ಬಂದರೂ ಪೆಟ್ಟಿಗೆಯ ಉತ್ತರ ಅವರಿಗೆ ಮುಟ್ಟುತ್ತಿರಲಿಲ್ಲ. ಆ ಆಸ್ಪತ್ರೆಯ ಹುಡುಗಿ ಸುಳ್ಳು ಹೇಳಿರಲಿಲ್ಲ. ಬೇರೆ ರೋಗಿಗಳ ಕಡೆಯವರು ಬಂದು ಗಲಾಟೆ ಮಾಡಿದಾಗ ನಮ್ಮ ಕೌಂಟರಿನವರು ರಕ್ತ ಪರೀಕ್ಷೆಯ ವರದಿಗಳನ್ನು ಮುದ್ರಿಸಿ ಕೈಗೆ ಕೊಟ್ಟಿದ್ದರು. ಯಾರಿಗೂ ಇದು ಒಂದೇ ಕಾಯಿಲೆ ಎಂದು ಹೊಳೆದಿರಲಿಲ್ಲ. ಗಲಾಟೆ ಮಾಡದವರ ವರದಿ ಮಾತ್ರ ಉಳಿದುಕೊಂಡಿತ್ತು.

ಸೊನ್ನೆಯನ್ನು ಅಳಿಸಿ ೨೪೮ ಒತ್ತಿದೆ. ಒಂದು ನಿಮಿಷವೂ ಆಗಲಿಲ್ಲ, ಒಂಬತ್ತು ಇಮೇಲುಗಳೂ ಹೋದವು. ಉಳಿದವನ್ನು ಒಂದೊಂದಾಗಿ ಮತ್ತೆ ಕಳಿಸಿದೆ. ಗೋಕುಲಂಗೆ ಫೋನು ಮಾಡಿ ಬಂದವೇ ಎಂದು ಕೇಳಿದೆ. "ಅಯ್ಯೋ, ಸಾಲಾಗಿ ಬರ್ತಾ ಇದಾವೆ ಕಣ್ರೀ. ಏನಾಗಿತ್ತು ನಿಮಗೆ?" ಎಂದಿತು ಒಂದು ಹೆಣ್ಣುದನಿ. ಫೋನಿಟ್ಟೆ. ಹೆಸರುಗಳ ಪಟ್ಟಿ ಮುದ್ರಿಸಿಕೊಂಡು ಮೊದಲ ಮಹಡಿಗೆ ಇಳಿದೆ.

ಡಾಕ್ಟರಮ್ಮ ಸೂಕ್ಷ್ಮದರ್ಶಕದಿಂದ ಕಣ್ಣು ತೆಗೆದು ನಾನು ಹೇಳಿದ್ದನ್ನು ಪೂರ್ತಿ ಕೇಳಿದರು. ಬೈಯಲಿಲ್ಲ. ಪಟ್ಟಿಯನ್ನು ಮುಂದಿಟ್ಟುಕೊಂಡು ಪೆನ್ಸಿಲಿನಿಂದ ಮೂರು ಹೆಸರುಗಳ ಪಕ್ಕ ಸಣ್ಣ ಗೆರೆ ಎಳೆದರು. ಮೂರನೆಯ ಗೆರೆ ಅಕ್ಕನ ಹೆಸರಿನ ಪಕ್ಕ. ಆ ಗೆರೆಗಳು ಕ್ಯಾನ್ಸರಿನವು ಎಂದು ಕೇಳದೆಯೇ ತಿಳಿಯಿತು. ಆಮೇಲೆ ಫೋನು ತೆಗೆದುಕೊಂಡು ಗೋಕುಲಂನ ಸರ್ಜನ್ನರಿಗೆ ತಾವೇ ಕರೆ ಮಾಡಿದರು. ಉಳಿದಿಬ್ಬರ ವಿಷಯವನ್ನು ಸರ್ಜನ್ನರು ಹಿಂದೆಯೇ ನಮ್ಮ ಲ್ಯಾಬಿಗೆ ಫೋನು ಮಾಡಿ ತಿಳಿದುಕೊಂಡಿದ್ದರು, ಚಿಕಿತ್ಸೆ ಶುರುವಾಗಿತ್ತು. ಅಕ್ಕನದು ಮಾತ್ರ ಹಾಗೇ ಉಳಿದಿತ್ತು. ಸಹಿಯಾಗಿ ಹದಿನಾರು ದಿನ.

"ಅವರನ್ನ ಈಗ್ಲೇ ಕರ್ಕೊಂಡು ಹೋಗಿ" ಎಂದರು ಡಾಕ್ಟರಮ್ಮ. "ಏನಿದೆ ಅಂತ ನೀವು ಹೇಳ್ಬೇಡಿ, ಅದು ಅವರ ಡಾಕ್ಟ್ರು ಹೇಳ್ಬೇಕಾದ್ದು. ಯಾಕೆ ತಡ ಆಯ್ತು ಅಂತ್ಲೂ ಹೇಳ್ಬೇಡಿ. ಅದನ್ನ ಆಮೇಲೆ ನಾನು ನೋಡ್ಕೋತೀನಿ."

ಅಕ್ಕ ಕೆಳಗೆ ಬಕೆಟ್ಟು ತೊಳೆಯುತ್ತಿದ್ದರು. "ನಿಮ್ಮ ರಿಪೋರ್ಟ್ ಅಲ್ಲಿಗೆ ಬಂದಿದೆ, ಬನ್ನಿ, ಸ್ಕೂಟರಲ್ಲಿ ಹೋಗೋಣ" ಎಂದೆ. "ನೀವ್ಯಾಕೆ ಮೇಡಂ, ನಾನು ಬಸ್ಸಲ್ಲಿ ಓಯ್ತೀನಿ" ಎಂದರು. ಕೊನೆಗೆ ಸೆರಗಿಗೆ ಕೈ ಒರೆಸಿಕೊಂಡು ಹತ್ತಿದರು. ದಾರಿಯುದ್ದಕ್ಕೂ ನನ್ನ ಭುಜವನ್ನು ಮುಟ್ಟದೆ ಸೀಟಿನ ಹಿಂದಿನ ಕಂಬಿ ಹಿಡಿದಿದ್ದರು. ಕನ್ನಡಿಯಲ್ಲಿ ಅವರ ಮುಖದ ಅರ್ಧ ಕಾಣುತ್ತಿತ್ತು. ಎಳನೀರಿನ ಗಾಡಿಯ ಮುಂದೆ ಚಾಪೆಯ ಸುರುಳಿ ಹೊತ್ತು ನಿಂತ ವಿದೇಶಿಯರಲ್ಲಿ ಒಬ್ಬರು ಇವರ ಗುರುತು ಹಿಡಿದು ಕೈ ಬೀಸಿದರು. ಇವರೂ ನಗುತ್ತ ಕೈ ಎತ್ತಿದರು. ಹಿಂದಿನ ಸೀಟಿನಲ್ಲಿ ಕುಳಿತವರ ಕಾಯಿಲೆ ಅವರಿಗಿಂತ ಮೊದಲು ನನಗೆ ಗೊತ್ತಿತ್ತು. ಗಾಡಿ ನಡೆಸುವುದು ಅಷ್ಟು ಕಷ್ಟವಾದದ್ದು ಆ ಒಂದೇ ದಿನ.

ಸರ್ಜನ್ನರ ಕೋಣೆಯಲ್ಲಿ ಅವರು ಕಾಲು ಗಂಟೆ ಇದ್ದರು. ಹೊರಗೆ ಬಂದು ನನ್ನ ಪಕ್ಕದ ಕುರ್ಚಿಯಲ್ಲಿ ಕುಳಿತರು.

"ಕ್ಯಾನ್ಸರಂತೆ ಕನವ್ವ" ಎಂದರು. ಅದುವರೆಗೆ ಅವರು ನನ್ನನ್ನು ಅವ್ವ ಎಂದಿರಲಿಲ್ಲ. "ಆಪ್ರೇಸನ್ ಆಗ್ಬೇಕಂತೆ, ಬ್ಯಾಗ. ಮಗ್ಳಿಗೆ ಎಂಗೆ ಏಳನ?"

ನಾನು ಅವರ ಕೈ ಹಿಡಿದುಕೊಂಡೆ. ಅವರು ನನ್ನ ಕೈಯನ್ನು ಎರಡೂ ಕೈಗಳಿಂದ ಒತ್ತಿ, "ನೀವ್ ಹುಡುಕ್ದೆ ಓಗಿದ್ರೆ ಇನ್ನೂ ಎಷ್ಟ್ ದಿನ ಆಗದೋ. ದೇವ್ರು ನಿಮ್ಮನ್ನ ಚೆನ್ನಾಗಿಟ್ಟಿರ್ಲಿ" ಎಂದರು. ಆ ಕ್ಷಣ ಹೇಳಬಹುದಿತ್ತು. ಹೇಳಲಿಲ್ಲ. ಡಾಕ್ಟರಮ್ಮ ಬೇಡ ಎಂದಿದ್ದಾರೆ ಎಂಬುದು ನನಗೆ ಅನುಕೂಲವಾಗಿ ಒದಗಿತು.

ಹೂಟಗಳ್ಳಿಯ ಕಾರ್ಖಾನೆಯೊಂದರಲ್ಲಿ ಮೂವತ್ತು ವರ್ಷ ಲೇತ್ ಯಂತ್ರ ನಡೆಸಿ ನಿವೃತ್ತರಾದ ನನ್ನ ಅಪ್ಪ ನಮ್ಮ ಜೊತೆಗೇ ಇದ್ದಾರೆ. ಮರುದಿನ ಬೆಳಗ್ಗೆ ಕಾಫಿ ಕೊಡುವಾಗ ಅವರಿಗೆ ಎಲ್ಲವನ್ನೂ ಹೇಳಿದೆ. ವಿಳಾಸ, ಮಾಸ್ಕ್ ಒಂದೂ ಅವರಿಗೆ ಬೇಕಿರಲಿಲ್ಲ. ಒಂದು ಅಂಕಿ ತಪ್ಪಾಯಿತು ಎಂಬುದು ಅರ್ಥವಾಯಿತು.

"ಅಳತೆ ಬರ್ದಿದ್ ಹಾಳೆ ಪಕ್ಕದಲ್ಲೇ ಇತ್ತೇನವ್ವ?"

"ಇತ್ತಪ್ಪ. ಮೊಣಕಾಲ ಮೇಲೇ ಇತ್ತು."

ಅವರು ಲೋಟ ಕೆಳಗಿಟ್ಟರು. "ಆಯಮ್ಮಂಗೆ ಹೇಳಿದ್ಯಾ?"

"ಇಲ್ಲ."

"ಅವ್ಳು ನಿಂಗೆ ಕೈ ಮುಗೀತಾ ಅವ್ಳೆ ಅಂತೀಯ."

ಅಷ್ಟೇ ಅಂದದ್ದು. ಸಮಾಧಾನ ಮಾಡುತ್ತಾರೆ, ಹೋಗ್ಲಿ ಬುಡು ಅನ್ನುತ್ತಾರೆ ಎಂದುಕೊಂಡಿದ್ದೆ. ಪೇಪರು ತೆಗೆದುಕೊಂಡು ಹೊರಗೆ ಹೋಗಿ ಕೂತರು.

ಶನಿವಾರ ಡಾಕ್ಟರಮ್ಮ ನನ್ನನ್ನು ಕರೆದು ಆಸ್ಪತ್ರೆಗೆ ಕಳಿಸುವ ಪತ್ರ ತೋರಿಸಿದರು. ಇಂಟರ್ನೆಟ್ ಸಂಪರ್ಕದ ತೊಂದರೆಯಿಂದ ಕೆಲವು ವರದಿಗಳು ತಡವಾದವು, ವಿಷಾದಿಸುತ್ತೇವೆ ಎಂದಿತ್ತು. ತಾಂತ್ರಿಕ ವಿಭಾಗದ ಪರವಾಗಿ ನಾನು ಸಹಿ ಮಾಡಬೇಕಿತ್ತು. ತಾಂತ್ರಿಕ ವಿಭಾಗ ಎಂದರೆ ನಾನೊಬ್ಬಳೇ.

"ಸಂಪರ್ಕ ಚೆನ್ನಾಗೇ ಇತ್ತು ಡಾಕ್ಟ್ರೇ. ತಪ್ಪು ನಂದು."

"ನಂಗೆ ಗೊತ್ತು. ಆದ್ರೆ ಲ್ಯಾಬ್ ತಪ್ಪು ಅಂತ ಬರೆದ್ರೆ ನಾಳೆಯಿಂದ ನಾವು ಕೊಡೋ ಒಂದೊಂದು ರಿಪೋರ್ಟನ್ನೂ ಜನ ಅನುಮಾನದಿಂದ ನೋಡ್ತಾರೆ. ಇಲ್ಲಿ ಇಪ್ಪತ್ತೆರಡು ಜನ ಕೆಲಸ ಮಾಡ್ತಾರೆ."

"ಹಾಗೆ ಬರೆದಿದ್ರೆ ನಾನು ಸಹಿ ಹಾಕಲ್ಲ."

ಅವರ ಎದುರು ನಾನು ಹಾಗೆ ಮಾತಾಡಿದ್ದು ಅದೇ ಮೊದಲು. ಧೈರ್ಯದಿಂದ ಆಡಿದ ಮಾತಲ್ಲ. ಅಕ್ಕನ ಹತ್ತಿರ ಹೇಳಲಾಗದ್ದನ್ನು ಕಾಗದದ ಮೇಲಾದರೂ ಹೇಳಿಬಿಡೋಣ ಎಂಬ ತಡಬಡಿಕೆ. ಡಾಕ್ಟರಮ್ಮ ಕನ್ನಡಕ ತೆಗೆದು ಕಣ್ಣು ಉಜ್ಜಿಕೊಂಡರು. ಪತ್ರವನ್ನು ವಾಪಸ್ಸು ಎಳೆದುಕೊಂಡರು. ಸೋಮವಾರ ಬಂದ ಹೊಸ ಪತ್ರದಲ್ಲಿ "ನಮ್ಮ ಲ್ಯಾಬಿನ ಉಪಕರಣವೊಂದನ್ನು ತಪ್ಪಾಗಿ ಹೊಂದಿಸಿದ್ದರಿಂದ" ಎಂದಿತ್ತು. ಯಾರು ಹೊಂದಿಸಿದರು ಎಂದು ಇರಲಿಲ್ಲ. ನಾನು ಸಹಿ ಮಾಡಿದೆ.

ಆ ವಾರದಲ್ಲೇ ಅಕ್ಕನಿಗೆ ಆಪರೇಷನ್ ಆಯಿತು. ನಾಲ್ಕನೆಯ ದಿನ ಮಧ್ಯಾಹ್ನ ನಾನು ಆಸ್ಪತ್ರೆಗೆ ಹೋದೆ. ಸಾಮಾನ್ಯ ವಾರ್ಡಿನಲ್ಲಿ ಕಿಟಕಿಯ ಪಕ್ಕದ ಮಂಚ. ಎದೆಯ ಎಡಭಾಗಕ್ಕೆ ದಪ್ಪಗೆ ಬಟ್ಟೆ ಕಟ್ಟಿದ್ದರು, ಪಕ್ಕದಲ್ಲಿ ಒಂದು ನಳಿಕೆ ನೇತಾಡುತ್ತಿತ್ತು. ಮಗಳು ಕಿತ್ತಳೆ ಸುಲಿಯುತ್ತಿದ್ದಳು. ನನ್ನನ್ನು ಕಂಡು ಅಕ್ಕ ಏಳಲು ನೋಡಿದರು.

"ಇವ್ರೇ ಕಣೆ ನಾನ್ ಹೇಳ್ತಿದ್ದ ಮೇಡಂ. ಇವ್ರು ಇಲ್ದಿದ್ರೆ ನನ್ ರಿಪೋಲ್ಟೇ ಸಿಗ್ತಿರ್ಲಿಲ್ಲ. ಕುರ್ಚಿ ಕೊಡು."

ಮಗಳು ಎದ್ದು ಕುರ್ಚಿ ಕೊಟ್ಟು ಕೈ ಮುಗಿದಳು. ಪಕ್ಕದ ಮಂಚದ ಹೆಂಗಸೂ ನನ್ನ ಕಡೆ ಗೌರವದಿಂದ ನೋಡಿದರು. ನಾನು ಕೂರಲಿಲ್ಲ.

"ಅಕ್ಕ, ಒಂದು ವಿಷಯ ಹೇಳ್ಬೇಕು. ನಿಮ್ಮ ರಿಪೋರ್ಟ್ ತಡ ಆಗಿದ್ದು ನನ್ನಿಂದಾನೇ."

ಅವರಿಗೆ ಅರ್ಥವಾಗಲಿಲ್ಲ. ನಾನು ಆದಷ್ಟು ಸರಳವಾಗಿ ಹೇಳಿದೆ. ಹೊಸ ಪೆಟ್ಟಿಗೆ ಕೂರಿಸಿದವಳು ನಾನು, ಅದರಲ್ಲಿ ಒಂದು ಅಂಕಿ ತಪ್ಪು ಬರೆದೆ, ಅದರಿಂದ ಈ ಆಸ್ಪತ್ರೆಗೆ ಬರಬೇಕಿದ್ದ ಕಾಗದಗಳೆಲ್ಲ ನಮ್ಮಲ್ಲೇ ನಿಂತವು, ನಿಮ್ಮದೂ ಅದರಲ್ಲಿ ಇತ್ತು. ಮಗಳ ಕೈಯಲ್ಲಿ ಕಿತ್ತಳೆ ಹಾಗೇ ನಿಂತಿತು.

"ಅಂದ್ರೆ ಅಷ್ಟ್ ದಿನವೂ ಅಲ್ಲೇ ಇತ್ತಾ?" ಎಂದರು ಅಕ್ಕ. "ಮ್ಯಾಲ್ಗಡೆ, ಆ ತಣ್ಣಗಿರೋ ರೂಮ್ನಲ್ಲಿ?"

"ಹೌದು."

"ನಾನ್ ದಿನಾ ಒರುಸ್ತಿದ್ನಲ್ಲ, ಅಲ್ಲೇ?"

"ಹೌದಕ್ಕ."

ಅವರು ಹೊದಿಕೆಯ ಅಂಚನ್ನು ಬೆರಳಲ್ಲಿ ಮಡಚುತ್ತಿದ್ದರು. ಬೈದರೆ ಒಳ್ಳೆಯದಿತ್ತು ಅನ್ನಿಸುತ್ತಿತ್ತು.

"ಬರ್ಯದ್ರಲ್ಲಿ ತಪ್ಪಾಗ್ತದೆ ಬುಡಿ. ಅದು ಯಾರ್ಗಾರಾ ಆಗ್ತದೆ" ಎಂದರು ಕೊನೆಗೆ. ಆಮೇಲೆ ತಲೆ ಎತ್ತಿ ನನ್ನನ್ನೇ ನೋಡಿದರು. "ಆದ್ರೆ ನಾನ್ ಎರಡ್ ಸಲ ಬಂದು ನಿಮ್ಮುನ್ನೇ ಕೇಳುದ್ನಲ್ಲ ಮೇಡಂ."

ಅಂಕಿಯ ತಪ್ಪನ್ನು ನಾನು ಎಷ್ಟೋ ಸಲ ನನಗೇ ವಿವರಿಸಿಕೊಂಡಿದ್ದೇನೆ: ಅಭ್ಯಾಸಬಲ, ಭಾನುವಾರದ ಅವಸರ, ಯಾರಿಗಾದರೂ ಆಗುವಂಥದ್ದು. ಅವರು ಎರಡು ಸಲ ಕೇಳಿದರೂ ನೋಡದೆ ಇದ್ದುದನ್ನು ವಿವರಿಸಲು ಆಗಿಲ್ಲ. ಅದೇ ಪ್ರಶ್ನೆಯನ್ನು ಡಾಕ್ಟರಮ್ಮ ಕೇಳಿದ್ದರೆ ಮೊದಲ ಸಲವೇ ಪೆಟ್ಟಿಗೆಯ ಒಳಗೆ ನೋಡುತ್ತಿದ್ದೆ.

"ನೀವ್ ಓಗಿ ಮೇಡಂ, ನಮ್ಮವ್ವಂಗೆ ಸುಸ್ತಾಗದೆ" ಎಂದಳು ಮಗಳು. ದನಿ ಮೆತ್ತಗಿತ್ತು. ನಾನು ತಂದಿದ್ದ ಹಣ್ಣಿನ ಚೀಲವನ್ನು ಮೇಜಿನ ಮೇಲಿಟ್ಟು ಹೊರಬಂದೆ.

ಮೆಟ್ಟಿಲ ಬಳಿ ಸರ್ಜನ್ನರು ಸಿಕ್ಕರು. ಪರಿಚಯ ಹೇಳಿಕೊಂಡು, ಆ ಹದಿನಾರು ದಿನದಿಂದ ಅವರಿಗೆ ಎಷ್ಟು ತೊಂದರೆಯಾಯಿತು ಎಂದು ಕೇಳಿದೆ. ಅವರು ಹೇಳಿದರು: "ಕಂಕುಳ ಗ್ರಂಥಿಗಳಲ್ಲಿ ಒಂದರಲ್ಲಿ ಸಿಕ್ಕಿದೆ. ಅದು ಆ ಹದಿನಾರು ದಿನದಲ್ಲಿ ಬಂತೋ, ಮೊದಲೇ ಇತ್ತೋ, ಯಾರೂ ಹೇಳಕ್ಕಾಗಲ್ಲ. ಮೊದಲೇ ಇದ್ದಿರೋ ಸಾಧ್ಯತೆನೇ ಜಾಸ್ತಿ. ಆದ್ರೆ ಖಂಡಿತ ಅಂತ ನಾನು ಬರೆದುಕೊಡಕ್ಕಾಗಲ್ಲ." ನನಗೆ ಬೇಕಿದ್ದದ್ದು ಖಂಡಿತ ಎಂಬ ಆ ಒಂದು ಮಾತು. ಅದು ಸಿಗುವುದಿಲ್ಲ ಎಂದು ಅಲ್ಲೇ ಗೊತ್ತಾಯಿತು.

ಆಮೇಲೆ ಆರು ತಿಂಗಳು ಅಕ್ಕ ಕೆಲಸಕ್ಕೆ ಬರಲಿಲ್ಲ. ಕೀಮೋ ನಡೆಯಿತು. ನಾನು ಎರಡು ಸಲ ಅವರ ಮನೆಯ ಬೀದಿಯವರೆಗೆ ಹೋಗಿ, ಒಳಗೆ ಹೋಗದೆ ವಾಪಸ್ಸಾದೆ. ಮೂರನೆಯ ಸಲ ಅಪ್ಪನೂ ಜೊತೆಗೆ ಬಂದರು. ಅಪ್ಪ ಮತ್ತು ಅಕ್ಕ ಹೂಟಗಳ್ಳಿಯಲ್ಲಿ ಕಾರ್ಖಾನೆಗಳು ಬರುವ ಮುಂಚೆ ಎಲ್ಲೆಲ್ಲಿ ಹುರುಳಿ ಬೆಳೆಯುತ್ತಿತ್ತು ಎಂದು ಒಂದು ಗಂಟೆ ಮಾತಾಡಿದರು. ಹೊರಡುವಾಗ ಅಕ್ಕ ನನಗೆ ಕುಂಕುಮ ಕೊಟ್ಟರು.

ಲ್ಯಾಬಿನಲ್ಲಿ ಕೆಲವು ಬದಲಾವಣೆಗಳನ್ನು ಮಾಡಿದೆ. ಹಿಂದಿರುಗಿದ ಇಮೇಲುಗಳು ಈಗ ನೇರ ನನ್ನ ಫೋನಿಗೆ ಬರುತ್ತವೆ. ಹಸಿರು ಗುರುತಿನ ಪಕ್ಕ ಇನ್ನೊಂದು ಗುರುತು ಬರುವಂತೆ ಮಾಡಿದ್ದೇನೆ. ಆ ಕಡೆಯವರ ಸರ್ವರು ಸ್ವೀಕರಿಸಿದ ಮೇಲಷ್ಟೇ ಅದು ಮೂಡುತ್ತದೆ. ಕ್ಯಾನ್ಸರ್ ಇರುವ ವರದಿಯಾದರೆ ಯಾರಾದರೊಬ್ಬರು ಫೋನು ಮಾಡಿ ವಿಚಾರಿಸಲೇಬೇಕೆಂದು ಡಾಕ್ಟರಮ್ಮ ಕಟ್ಟುನಿಟ್ಟು ಮಾಡಿದರು. ಲ್ಯಾಬಿನಲ್ಲಿ ಕೆಲಸ ಮಾಡುವವರು ತಮ್ಮ ವರದಿಗಾಗಿ ಕೌಂಟರಿನಲ್ಲಿ ನಿಲ್ಲಬಾರದೆಂಬ ನಿಯಮವನ್ನು ಯಾರು ಮಾಡಿದ್ದರು ಎಂದು ವಿಚಾರಿಸಿದೆ. ಯಾರಿಗೂ ಗೊತ್ತಿರಲಿಲ್ಲ. ಅದನ್ನೂ ತೆಗೆಸಿದೆ.

ಅಕ್ಕ ಅರ್ಧ ದಿನದ ಕೆಲಸಕ್ಕೆ ಮರಳಿ ಬಂದರು. ಕೂದಲು ಆಗಷ್ಟೇ ಸಣ್ಣಗೆ ಬರುತ್ತಿತ್ತು, ತಲೆಗೆ ಟವೆಲು ಸುತ್ತಿರುತ್ತಿದ್ದರು. ಎಡಗೈಯಲ್ಲಿ ಭಾರ ಎತ್ತುವಂತಿಲ್ಲ. ಕೆಳಗಿನ ಮಹಡಿ ಮಾತ್ರ ಮಾಡುತ್ತೇನೆ, ಮೇಲಕ್ಕೆ ಹೋಗುವುದಿಲ್ಲ ಎಂದು ಅವರೇ ಕೇಳಿಕೊಂಡರು. ಮೆಟ್ಟಿಲು ಹತ್ತಲು ಆಗದೆ ಹಾಗೆಂದರೋ ಬೇರೆ ಕಾರಣಕ್ಕೋ, ನಾನು ಕೇಳಿಲ್ಲ. ಸರ್ವರ್ ಕೋಣೆಯ ನೆಲವನ್ನು ಈಗ ವಾರಕ್ಕೆರಡು ಸಲ ನಾನೇ ಒರೆಸುತ್ತೇನೆ.

ಮೂರು ತಿಂಗಳಿಗೊಮ್ಮೆ ಅವರಿಗೆ ತಪಾಸಣೆ ಇರುತ್ತದೆ. ಇದುವರೆಗೆ ಮೂರು ಆಗಿವೆ, ಮೂರರಲ್ಲೂ ಏನೂ ಕಂಡಿಲ್ಲ. ತಪಾಸಣೆಯ ವಾರ ನನಗೆ ಊಟ ಸೇರುವುದಿಲ್ಲ. ಅವರು ಮಾತ್ರ ಎಂದಿನಂತೆಯೇ ಇರುತ್ತಾರೆ, ಅಥವಾ ಹಾಗೆ ತೋರಿಸಿಕೊಳ್ಳುತ್ತಾರೆ.

ಹೋದ ತಿಂಗಳು ಅವರು ತಮ್ಮ ನಾದಿನಿಯನ್ನು ಕರೆದುಕೊಂಡು ಬಂದಿದ್ದರು. ಆಕೆಗೆ ಥೈರಾಯ್ಡಿನ ಗಂಟು, ಅದರ ವರದಿ ಬೇರೊಂದು ಆಸ್ಪತ್ರೆಗೆ ಹೋಗಬೇಕಿತ್ತು. ಅಕ್ಕ ಕೌಂಟರಿನಲ್ಲಿ ಸಾಲಿನಲ್ಲಿ ನಿಂತು ಕೇಳಿದರು. ಹೋಗಿದೆ ಎಂದರು ಅಲ್ಲಿದ್ದವರು. ಅಕ್ಕ ಅಲ್ಲಿಂದ ಕದಲದೆ, ಕೌಂಟರಿನ ಪ್ರಿಂಟರ್ ಸರಿಮಾಡುತ್ತಿದ್ದ ನನ್ನ ಕಡೆ ತಿರುಗಿದರು.

"ಮುಟ್ತಾ ಅಂತ ಫೋನ್ ಮಾಡಿ ಕೇಳಿ ಮೇಡಂ. ನನ್ ಮುಂದೇನೇ."

ಕೌಂಟರಿನ ಹುಡುಗಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನಾನು ಫೋನು ಮಾಡಿದೆ. ಆ ಕಡೆಯವರು ಹುಡುಕಿ ಹೇಳಲು ಹತ್ತು ನಿಮಿಷ ತೆಗೆದುಕೊಂಡರು. ಅಕ್ಕ ಬಲಗೈಯನ್ನು ಕೌಂಟರಿನ ಮೇಲಿಟ್ಟು ಅಷ್ಟು ಹೊತ್ತೂ ನಿಂತೇ ಇದ್ದರು. ಬಂದಿದೆ ಎಂಬ ಉತ್ತರ ಸಿಕ್ಕಿತು. ಅದನ್ನು ಅವರಿಗೆ ಹೇಳಿದೆ.

"ಯಾರ್ ಅಂದಿದ್ದು? ಎಸ್ರು ಕೇಳುದ್ರಾ?" ಎಂದರು.

ಹೆಸರು ಕೇಳಿರಲಿಲ್ಲ. ಮತ್ತೆ ಫೋನು ಮಾಡಿ ಕೇಳಿ, ಒಂದು ಚೀಟಿಯಲ್ಲಿ ಬರೆದುಕೊಟ್ಟೆ. ಅವರು ಅದನ್ನು ಮಡಿಸಿ ನಾದಿನಿಯ ಕೈಗೆ ಕೊಟ್ಟು, ಆಕೆಯ ಬೆನ್ನ ಮೇಲೆ ಕೈಯಿಟ್ಟು ಬಾಗಿಲ ಕಡೆ ನಡೆದರು.